ಪಾಯಸದಿಂದ ಶುರುವಾಗುವ ಎಲೆ: ತೂಕ ಇಳಿಸುವ ಬೈಪಾಸ್ ಆಪರೇಷನ್ ಆದವರ ಹಬ್ಬದೂಟದ ಒಂದು ಪ್ರಕರಣ

ಈ ಪ್ರಕರಣದ ಮಹಿಳೆಗೆ 44 ವರ್ಷ. ತವರು ಮದ್ದೂರಿನ ಹತ್ತಿರದ ಹಳ್ಳಿ, ಸಂಸಾರ ಬೆಂಗಳೂರಿನಲ್ಲಿ. ತೂಕ ಇಳಿಸುವ ಆಪರೇಷನ್ ಆದವರ ಊಟ ತಿಂಡಿ ನೋಡಿಕೊಳ್ಳುವ ಡಯಟಿಷಿಯನ್ ಆಗಿ ನಾನು ಅವರನ್ನು ಮೊದಲಿನಿಂದ ಬಲ್ಲೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಎಲೆಯ ಮೇಲೆ ಏನಿತ್ತು, ಯಾವುದು ಮೊದಲು ಬಂತು ಅನ್ನುವುದನ್ನು ಮಾತ್ರ ಬದಲಿಸಿಲ್ಲ.

ಅವರ ಎತ್ತರ 156 ಸೆಂಟಿಮೀಟರ್. ಆಪರೇಷನ್‌ಗೆ ಮುಂಚೆ ತೂಕ 112 ಕಿಲೋ, ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ 46. ಬಹಳ ವರ್ಷದ ಸಕ್ಕರೆ ಕಾಯಿಲೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9. ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಎರಡನ್ನೂ ನುಂಗುತ್ತಿದ್ದರು. ರಾತ್ರಿ ಮಲಗಿದರೆ ಎದೆಯುರಿ, ಹುಳಿತೇಗು. ನಮ್ಮ ದೇಶದಲ್ಲಿ ಹೆಚ್ಚಾಗಿ ಮಾಡುವುದು ಸ್ಲೀವ್ ಆಪರೇಷನ್. ಅದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉದ್ದನೆಯ ಕೊಳವೆಯಂಥ ಹೊಟ್ಟೆ ಉಳಿಸುತ್ತಾರೆ. ಎದೆಯುರಿ ಇರುವವರಿಗೆ ಅದರಿಂದ ಉರಿ ಜಾಸ್ತಿಯಾಗಬಹುದು. ಹಾಗಾಗಿ ಸರ್ಜನ್ ಬೈಪಾಸ್ ಆರಿಸಿದರು. ಸಕ್ಕರೆ ಕಾಯಿಲೆಗೂ ಅದೇ ವಾಸಿ.

ಬೈಪಾಸ್ ಅಂದರೆ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಉಳಿಸಿಕೊಂಡು, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು. ದೊಡ್ಡ ಹೊಟ್ಟೆ ಒಳಗೇ ಇರುತ್ತದೆ, ಆದರೆ ಊಟ ಅದರೊಳಗೆ ಹೋಗುವುದಿಲ್ಲ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ ತೂಕಕ್ಕಾಗಿ ಇಂಥ ಆಪರೇಷನ್ ಶುರು ಮಾಡಿದರು. ಅಲ್ಸರ್‌ಗೆಂದು ಹೊಟ್ಟೆಯ ಭಾಗ ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದಿಲ್ಲ ಅನ್ನುವುದನ್ನು ಗಮನಿಸಿದ್ದರು. ಅಂಥವರಿಗೆ ಸಿಹಿ ತಿಂದರೆ ಎದೆ ಬಡಿತ, ಬೆವರು ಬರುವುದೂ ಆಗಲೇ ಗೊತ್ತಿದ್ದ ವಿಷಯ.

ಆಪರೇಷನ್ ಆದದ್ದು ಜನವರಿಯಲ್ಲಿ. ಆಸ್ಪತ್ರೆಯಿಂದ ಬಿಡುವಾಗಲೇ ಗ್ಲಿಮಿಪಿರೈಡ್ ನಿಲ್ಲಿಸಿದರು, ಮೆಟ್‌ಫಾರ್ಮಿನ್ ಇಳಿಸಿದರು. ಯುಗಾದಿ ಹೊತ್ತಿಗೆ ಅವರು ಇನ್ನೂ ಮೆತ್ತಗಿನ ಊಟದಲ್ಲಿದ್ದರು. ಆ ಹಬ್ಬದಲ್ಲಿ ಏನೂ ತೊಂದರೆಯಾಗಲಿಲ್ಲ. ಮನೆಯವರೆಲ್ಲ "ಆಪರೇಷನ್ ಆಗಿದೆ, ಬಿಡ್ರಪ್ಪ" ಅಂತ ಅವರ ಪಾಡಿಗೆ ಬಿಟ್ಟರು. ಬೇವು ಬೆಲ್ಲ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಮಸೆದ ಬೇಳೆ ಕುಡಿದು ಮಲಗಿದರು.

ಗೌರಿ ಹಬ್ಬದ ಹೊತ್ತಿಗೆ ಎಂಟು ತಿಂಗಳು. ತೂಕ 83 ಕಿಲೋ. ಹಳೇ ರವಿಕೆಗಳನ್ನೆಲ್ಲ ಹಿಡಿಸಿಯಾಗಿತ್ತು. ಓಡಾಡುತ್ತಿದ್ದರು, ನಗುತ್ತಿದ್ದರು. ತವರಿನವರ ಕಣ್ಣಿಗೆ ಅವರು ಪೂರ್ತಿ ಗುಣವಾದವರು. ಇಂಥವರನ್ನು ನೋಡಿ ನೋಡಿ ನನಗೆ ಅನ್ನಿಸಿರುವುದು ಇಷ್ಟು: ಆಪರೇಷನ್ ಆದ ಮೇಲಿನ ಮೊದಲ ಹಬ್ಬ ಸುಲಭ. ಕಷ್ಟ ಬರುವುದು ಸುತ್ತಲಿನವರು ಮರೆತ ಮೇಲೆ.

ಆ ದಿನ ನಡೆದದ್ದು

ಬೆಳಗ್ಗೆ ಆರು ಗಂಟೆಗೆ ಅರ್ಧ ಲೋಟ ಕಾಫಿ ಕುಡಿದರು. ಆಮೇಲೆ ಪೂಜೆ ಮುಗಿಯುವ ತನಕ ಏನೂ ಇಲ್ಲ, ನೀರೂ ಇಲ್ಲ. ಚಿಕ್ಕಂದಿನಿಂದ ಹಾಗೇ ಮಾಡಿಕೊಂಡು ಬಂದವರು. ಹದಿನಾರು ಗಂಟಿನ ದಾರ ಕಟ್ಟಿಸಿಕೊಂಡು, ಬಾಗಿನ ಕೊಟ್ಟು ತಗೊಂಡು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. 1.40ಕ್ಕೆ ಎಲೆ ಹಾಕಿದರು.

ಬಡಿಸಿದ ಸರದಿಯನ್ನು ಅವರ ಅತ್ತಿಗೆ ನನಗೆ ಸರಿಯಾಗಿ ಹೇಳಿದರು. ಉಪ್ಪು, ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಆಂಬೊಡೆ, ಚಿತ್ರಾನ್ನ. ಕೆಳಗಡೆ ಬಲಕ್ಕೆ ಶಾವಿಗೆ ಪಾಯಸ. ಎಲ್ಲರೂ ಪಾಯಸದಿಂದ ಶುರು ಮಾಡಿದರು, ಇವರೂ ಅಷ್ಟೇ. ಎರಡನೇ ಸಲ ಪಾಯಸ ಬಂದಾಗ ಬೇಡ ಅನ್ನುವಷ್ಟರಲ್ಲಿ ಸೌಟು ಎಲೆ ಮೇಲಿತ್ತು. ಆಮೇಲೆ ತುಪ್ಪ ಹಾಕಿದ ಒಂದು ಒಬ್ಬಟ್ಟು, ಅದರ ಮೇಲೆ ಸಿಹಿ ಕಾಯಿಹಾಲು. ಕೋಸಂಬರಿ ಎರಡು ಬೆರಳಲ್ಲಿ ಹಿಡಿಯುವಷ್ಟು ತಿಂದರು. ಅನ್ನ ಬಂತು, ಒಬ್ಬಟ್ಟಿನ ಸಾರು ಬಂತು. ಮೊಸರು ಬರುವ ತನಕ ಅವರು ತಾಳಲಿಲ್ಲ.

1.55ಕ್ಕೆ ಎದೆ ಡವಗುಟ್ಟಲು ಶುರುವಾಯಿತು. ಮುಖ ಬಿಸಿಯಾಗಿ ಬೆವರು ಕಿತ್ತುಕೊಂಡಿತು. ಹೊಟ್ಟೆ ಹಿಂಡಿದ ಹಾಗಾಯಿತು. ಪಂಕ್ತಿಯಲ್ಲಿ ಹಿರಿಯರು ಕೂತಿದ್ದಾರೆ, ನಡುವೆ ಏಳಬಾರದು. ಹಾಗಾಗಿ ಹತ್ತು ನಿಮಿಷ ಹಲ್ಲು ಕಚ್ಚಿ ಕೂತೇ ಇದ್ದರು. ಮರ್ಯಾದೆಗೆಂದು ಸಾರನ್ನ ಎರಡು ತುತ್ತು ತಿಂದರು ಕೂಡ. ಎದ್ದು ಕೋಣೆಗೆ ಹೋಗುವಾಗ ತಲೆ ಸುತ್ತಿತು. ಎರಡು ಸಲ ಭೇದಿಯಾಯಿತು.

ಮನೆಯಲ್ಲಿ ಎರಡು ಅಭಿಪ್ರಾಯ. ದೃಷ್ಟಿಯಾಗಿದೆ ಅಂತ ದೊಡ್ಡಮ್ಮ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅದರಿಂದ ಏನೂ ಕೆಡುಕಾಗಲಿಲ್ಲ. ಎರಡನೆಯದು ಶುಗರ್ ಡೌನ್ ಆಗಿದೆ ಅನ್ನುವ ಅಭಿಪ್ರಾಯ. ಬೆವರು, ನಡುಕ, ಎದೆ ಬಡಿತ ನೋಡಿದ ಯಾರಿಗಾದರೂ ಅದೇ ಅನ್ನಿಸುತ್ತದೆ. ಒಂದು ಲೋಟ ಬೆಲ್ಲದ ಪಾನಕ ಕುಡಿಸಿದರು. ಕುಡಿದ ಮೇಲೆ ಇನ್ನೂ ಜಾಸ್ತಿಯಾಯಿತು.

ಅಣ್ಣನಿಗೂ ಸಕ್ಕರೆ ಕಾಯಿಲೆ ಇದ್ದುದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇತ್ತು. 2.25ಕ್ಕೆ ನೋಡಿದಾಗ 204. ಶುಗರ್ ಇಳಿದಿರಲಿಲ್ಲ, ಏರಿತ್ತು. ಸಂಜೆ ಹೊತ್ತಿಗೆ ಸುಧಾರಿಸಿಕೊಂಡು ಎದ್ದು ಕೂತರು. 4.15ಕ್ಕೆ ಮತ್ತೆ ಕೈ ನಡುಕ, ತಣ್ಣನೆ ಬೆವರು, ತಡೆಯಲಾಗದ ಹಸಿವು. ಈ ಸಲ ಮೀಟರ್ ತೋರಿಸಿದ್ದು 61. ಮಧ್ಯಾಹ್ನ ಪೆಟ್ಟು ತಿಂದಿದ್ದ ಮನೆಯವರು ಈಗ ಸಿಹಿ ಕೊಡಲು ಹೆದರಿದರು. ನನಗೆ ಫೋನ್ ಬಂದದ್ದು ಆಗ.

ಒಂದೇ ಮಧ್ಯಾಹ್ನ, ಎರಡು ಬೇರೆ ತೊಂದರೆ

ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಎರಡೂ ಸಲ ಬೆವರು, ಎರಡೂ ಸಲ ನಡುಕ. ಆದರೆ ಮೊದಲನೆಯದಕ್ಕೆ ಸಿಹಿ ಕೊಟ್ಟದ್ದು ತಪ್ಪು, ಎರಡನೆಯದಕ್ಕೆ ಸಿಹಿ ಕೊಡದೇ ಇದ್ದರೆ ತಪ್ಪು.

ಮೊದಲನೆಯದು ಡಂಪಿಂಗ್. ನಮ್ಮ ಹೊಟ್ಟೆಯ ಕೆಳತುದಿಯಲ್ಲಿ ಒಂದು ಬಿಗಿ ಸ್ನಾಯು ಇದೆ. ಕೆರೆಯ ತೂಬಿನ ಹಾಗೆ ಅದು ಊಟವನ್ನು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ಬೈಪಾಸ್ ಆದವರ ಊಟ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಪಾಯಸದಂಥ ಗಟ್ಟಿ ಸಿಹಿ ಒಂದೇ ಸಲಕ್ಕೆ ಕರುಳಿಗೆ ಬೀಳುತ್ತದೆ. ಅದನ್ನು ತೆಳುಗೊಳಿಸಲು ರಕ್ತದಲ್ಲಿರುವ ನೀರು ಕರುಳಿನೊಳಗೆ ಹರಿದುಬರುತ್ತದೆ. ಕರುಳಿನ ಹಾರ್ಮೋನುಗಳು ಒಟ್ಟಿಗೆ ಏಳುತ್ತವೆ. ಹೊಟ್ಟೆ ಉಬ್ಬರ, ಭೇದಿ ಅದರಿಂದಲೇ. ಬಿಪಿ ಇಳಿಯುತ್ತದೆ, ಎದೆ ಬಡಿತ ಏರುತ್ತದೆ. ಸಾಮಾನ್ಯವಾಗಿ ತಿಂದ 10ರಿಂದ 30 ನಿಮಿಷದೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಇದು ಶುರುವಾಗುತ್ತದೆ. ಇದಕ್ಕೆ ಮಾಡಬೇಕಾದದ್ದು ಇಷ್ಟೆ: ತಿನ್ನುವುದು ನಿಲ್ಲಿಸುವುದು, ಮಲಗುವುದು, ಕಾಲು ಗಂಟೆ ಅರ್ಧ ಗಂಟೆ ಕಳೆದ ಮೇಲೆ ಬರೀ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು.

ಎರಡನೆಯದು ಅದರ ಹಿಂದೆಯೇ ಬರುವಂಥದ್ದು. ಒಂದೇ ಸಲ ಏರಿದ ಸಕ್ಕರೆಗೆ ದೇಹ ಇನ್ಸುಲಿನ್ ಸುರಿಯುತ್ತದೆ. ಒಂದರಿಂದ ಮೂರು ಗಂಟೆ ಕಳೆದ ಮೇಲೆ ಸಕ್ಕರೆ ಕೆಳಕ್ಕೆ ಕುಸಿಯುತ್ತದೆ. 70ಕ್ಕಿಂತ ಕೆಳಗೆ ಹೋದರೆ ಕಡಿಮೆ, 54ಕ್ಕಿಂತ ಕೆಳಗೆ ಅಪಾಯ. ಸಾಮಾನ್ಯವಾಗಿ ಇದು ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ಇವರಲ್ಲಿ ಬೇಗ ಬಂತು. ಪಾಯಸ ಮತ್ತು ಒಬ್ಬಟ್ಟಿನ ಮೇಲೆ ಕುಡಿದ ಪಾನಕದ ಪಾಲೂ ಇದರಲ್ಲಿ ಇದೆ ಅಂತ ನನ್ನ ಲೆಕ್ಕ.

ಫೋನಿನಲ್ಲಿ ಹೇಳಿದ್ದು: ಮೂರು ಸಣ್ಣ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಮೀಟರ್ ನೋಡಿ. ಅದು 92ಕ್ಕೆ ಬಂತು. ಆಮೇಲೆ ಗಟ್ಟಿ ಮೊಸರು ಅರ್ಧ ಬಟ್ಟಲು. ಸುಮ್ನೆ ಸಕ್ಕರೆ ಕೊಟ್ಟು ಬಿಟ್ಟರೆ ಮತ್ತೆ ಏರಿ ಮತ್ತೆ ಇಳಿಯುತ್ತದೆ, ಪ್ರೋಟೀನ್ ಹಿಂದೆಯೇ ಬೇಕು. ರಾತ್ರಿ ತಲೆನೋವು ಅಂದಾಗ ಯಾರೋ ಐಬುಪ್ರೊಫೆನ್ ಕೈಗಿಟ್ಟರಂತೆ. ನುಂಗುವ ಮುಂಚೆ ನನ್ನನ್ನು ಕೇಳಿದ್ದು ಒಳ್ಳೆಯದಾಯಿತು. ಬೈಪಾಸ್ ಆದವರಿಗೆ ಆ ಗುಂಪಿನ ನೋವಿನ ಮಾತ್ರೆಗಳು ಆಗುವುದಿಲ್ಲ, ಹೊಸ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಸಿಟಮಾಲ್ ಸಾಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೈಪಾಸ್ ಆದವರಿಗೆ ಹಬ್ಬದೂಟದ ಮೇಲೆ ಹೊಟ್ಟೆ ಜೋರಾಗಿ ನೋಯುತ್ತಾ ಹೋದರೆ, ವಾಂತಿ ನಿಲ್ಲದಿದ್ದರೆ, "ಊಟ ಜಾಸ್ತಿಯಾಯ್ತು" ಅಂತ ಓಮದ ಕಷಾಯ ಕುಡಿಸಿ ಮಲಗಿಸಬಾರದು. ತೂಕ ಇಳಿದ ಮೇಲೆ ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಕೊಳ್ಳುವ ಸಾಧ್ಯತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತದೆ. ಅದಕ್ಕೆ ಆಸ್ಪತ್ರೆಯೇ ದಾರಿ. ಇವರಿಗೆ ಅಂಥದ್ದೇನೂ ಇರಲಿಲ್ಲ.

ಎಲೆಯ ಸರದಿ

ಒಂದು ವಾರ ಬಿಟ್ಟು ಅವರು ಬಂದಾಗ ಮೊದಲು ಹೇಳಿದ್ದು, "ಬೆಲ್ಲ ತಾನೇ, ಸಕ್ಕರೆ ಅಲ್ವಲ್ಲ ಅಂತ ತಿಂದೆ." ಈ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಅಂದರೆ, ಡಾಕ್ಟರ್ ಮನೆಗಳಲ್ಲೂ ಕೇಳಿದ್ದೇನೆ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಚೂರು ಖನಿಜ ಜಾಸ್ತಿ ಇದ್ದರೂ ಕರುಳಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಜೇನುತುಪ್ಪವೂ ಅದೇ ಸಾಲಿಗೆ.

ಆದರೆ ಬೆಲ್ಲವೊಂದರ ಮೇಲೆ ತಪ್ಪು ಹೊರಿಸಿ ಮುಗಿಸಿದರೆ ಆಗುವುದಿಲ್ಲ. ಬಹಳಷ್ಟು ಆಸ್ಪತ್ರೆಗಳು ಕೊಡುವ ಊಟದ ಪಟ್ಟಿಯಲ್ಲಿ "ಸಿಹಿ ಬೇಡ, ಕರಿದದ್ದು ಬೇಡ" ಅಂತ ಇರುತ್ತದೆ. ನಿಜ. ಆದರೆ ನಮ್ಮ ಹಬ್ಬದ ಎಲೆಯಲ್ಲಿ ತಿನ್ನಬಹುದಾದದ್ದು ಬೇಕಾದಷ್ಟಿದೆ. ತೊಂದರೆ ಇರುವುದು ಅದು ಬರುವ ಸರದಿಯಲ್ಲಿ, ಅದನ್ನು ಮುಗಿಸಬೇಕಾದ ವೇಗದಲ್ಲಿ, ಸೌಟು ಹಿಡಿದವರ ಕೈಯಲ್ಲಿ.

ಬೈಪಾಸ್ ಆದವರು ಮೊದಲು ಪ್ರೋಟೀನ್ ತಿನ್ನಬೇಕು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ನಮ್ಮ ಎಲೆ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಪಾಯಸ, ಆಮೇಲೆ ಸಿಹಿ, ನಡುವೆ ಅನ್ನ, ಕೊನೆಗೆ ಮೊಸರು. ಎಂಟು ತಿಂಗಳಿಗೆ ಆ ಚೀಲ ಸ್ವಲ್ಪ ಹಿಗ್ಗಿ ಅರ್ಧ ಬಟ್ಟಲಿನಷ್ಟು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಮೊಸರು ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾದವರಿಗೆ ಹಬ್ಬದ ದಿನ ಅದರ ಕಾಲು ಭಾಗವೂ ಸಿಗುವುದಿಲ್ಲ.

ವೇಗದ ವಿಷಯ. ಅರ್ಧ ಬಟ್ಟಲು ಊಟವನ್ನು ಅವರು ಇಪ್ಪತ್ತರಿಂದ ಮೂವತ್ತು ನಿಮಿಷ ಅಗಿದು ತಿನ್ನಬೇಕು. ಪಂಕ್ತಿ ಅಷ್ಟು ಹೊತ್ತು ಕಾಯುವುದಿಲ್ಲ. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ನಿಧಾನಕ್ಕೆ ತಿಂದರೆ "ರುಚಿಯಾಗಿಲ್ವಾ?" ಅನ್ನುವ ಪ್ರಶ್ನೆ ಬರುತ್ತದೆ. ಎಲೆ ಖಾಲಿಯಾದರೆ ಮತ್ತೆ ಬಡಿಸುತ್ತಾರೆ, ಖಾಲಿ ಮಾಡದಿದ್ದರೆ ಅನ್ನ ಚೆಲ್ಲಿದ ಪಾಪ.

ಇನ್ನು ಉಪವಾಸ. ನನ್ನ ಪ್ರಕಾರ ಆ ದಿನದ ದೊಡ್ಡ ಕಾರಣ ಇದೇ. ಏಳು ಗಂಟೆಗೂ ಹೆಚ್ಚು ಹೊತ್ತು ಖಾಲಿ ಹೊಟ್ಟೆ, ನೀರೂ ಇಲ್ಲ. ಹಾಗೆ ಒಣಗಿದ ದೇಹದಿಂದ ಪಾಯಸ ಮತ್ತಷ್ಟು ನೀರು ಎಳೆದುಕೊಂಡಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಬೇಕಾದವರು, ಅದನ್ನೂ ಒಟ್ಟಿಗೆ ಕುಡಿಯಲು ಆಗದವರು. ಗುಟುಕು ಗುಟುಕಾಗಿ ಇಡೀ ದಿನ ಕುಡಿದರೆ ಮಾತ್ರ ಲೆಕ್ಕ ತುಂಬುತ್ತದೆ.

ಸಾರು ಮಜ್ಜಿಗೆಯದ್ದೂ ಒಂದು ಕತೆ. ಊಟದ ಜೊತೆ ನೀರಾದ ಪದಾರ್ಥ ಹೋದರೆ ಗಟ್ಟಿ ಊಟವನ್ನೂ ತಳ್ಳಿಕೊಂಡು ಬೇಗ ಕರುಳಿಗೆ ಇಳಿಸುತ್ತದೆ. ಅದಕ್ಕೇ ಊಟವಾಗಿ ಅರ್ಧ ಗಂಟೆ ಏನೂ ಕುಡಿಯಬೇಡಿ ಅನ್ನುವುದು. ಒಬ್ಬಟ್ಟಿನ ಸಾರನ್ನು ಅನ್ನಕ್ಕೆ ಕಲಸಿ ಮೆತ್ತಗೆ ತಿನ್ನಬಹುದು, ದೊನ್ನೆಯಲ್ಲಿ ಹಾಕಿಸಿಕೊಂಡು ಸೊರ್ ಅಂತ ಕುಡಿಯುವ ಹಾಗಿಲ್ಲ. ಇದನ್ನು ಹೇಳಿದಾಗ ಬಾಡಿದಷ್ಟು ಅವರ ಮುಖ ಒಬ್ಬಟ್ಟು ಬೇಡ ಅಂದಾಗಲೂ ಬಾಡಿರಲಿಲ್ಲ.

ಮಾಡಿಕೊಂಡ ಏರ್ಪಾಡು

ನನ್ನ ಹತ್ತಿರ ಬಂದ ದಿನ ಅತ್ತಿಗೆಯೂ ಜೊತೆಯಲ್ಲಿ ಬಂದಿದ್ದರು. ಅದೇ ದೊಡ್ಡ ಲಾಭ. ತಿನ್ನುವವರಿಗೆ ಎಷ್ಟು ಹೇಳಿದರೂ ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. ಪಂಕ್ತಿಯಲ್ಲಿ ಕೂತವರು ಬೇಡ ಅಂದರೆ ಅದು ಸಂಕೋಚ ಅಂತಲೇ ಅರ್ಥ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬೀಳುತ್ತದೆ.

ಪಾಯಸವನ್ನು ಪೂರ್ತಿ ಬಿಡಿ ಅಂತ ನಾನು ಹೇಳಲಿಲ್ಲ. ಬೆರಳ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿದರೆ ಶಾಸ್ತ್ರ ಮುಗಿಯಿತು, ಕರುಳಿಗೂ ಗೊತ್ತಾಗುವುದಿಲ್ಲ. ಆಮೇಲೆ ನೇರ ಕೋಸಂಬರಿಗೆ. ನೆನೆಸಿದ ಹೆಸರುಬೇಳೆ ಮೆತ್ತಗೆ, ಹಸಿ, ಅರ್ಧ ಬಟ್ಟಲಿಗೆ ಐದು ಗ್ರಾಂ ಹತ್ತಿರ ಪ್ರೋಟೀನ್. ಎಲೆಯ ಮೂಲೆಯಲ್ಲಿ ಚಿಟಿಕೆಯಷ್ಟು ಬಡಿಸುವ ಈ ಪದಾರ್ಥವನ್ನು ಇವರಿಗೆ ಸೌಟಿನಲ್ಲಿ ಬಡಿಸಬೇಕು. ಮಾಮೂಲಿ ಹಬ್ಬಕ್ಕೆ ಕಡಲೆ ಉಸಲಿ ಮಾಡಿದ್ದರೆ ಇನ್ನೂ ವಾಸಿ, ಆದರೆ ಸಿಪ್ಪೆ ನುಣ್ಣಗಾಗುವ ತನಕ ಅಗಿಯಬೇಕು. ಮೊಸರು ಮೊದಲೇ ಬಟ್ಟಲಿನಲ್ಲಿ ಪಕ್ಕಕ್ಕೆ ಬರಲಿ. ಪಲ್ಯ, ಆಮೇಲೆ ಎರಡು ಚಮಚ ಅನ್ನ. ಒಬ್ಬಟ್ಟು ಬೇಕೇ ಬೇಕು ಅಂದರೆ ಕೊನೆಗೆ, ಕಾಲು ಭಾಗ, ಕಾಯಿಹಾಲು ಇಲ್ಲದೆ. ಹೊಟ್ಟೆಯಲ್ಲಿ ಬೇಳೆ ಮೊಸರು ಕೂತ ಮೇಲೆ ಹೋದ ಸಿಹಿ ಅಷ್ಟು ಬೇಗ ಕರುಳಿಗೆ ಇಳಿಯುವುದಿಲ್ಲ. ಎಲ್ಲರಿಗೂ ಇದು ಒಗ್ಗುತ್ತದೆ ಅಂತಲ್ಲ. ಕೆಲವರಿಗೆ ಡಂಪಿಂಗ್ ಆಗುವುದೇ ಇಲ್ಲ, ಕೆಲವರಿಗೆ ಒಂದು ಚಮಚ ಸಿಹಿಯೂ ಆಗದು. ಮನೆಯಲ್ಲಿ, ಯಾರೂ ಇಲ್ಲದ ದಿನ, ಕಾಲು ಒಬ್ಬಟ್ಟು ತಿಂದು ನೋಡಿ ಅಂದೆ. ತಿಂದು ನೋಡಿದರು, ತೊಂದರೆಯಾಗಲಿಲ್ಲ.

ಕೂರುವ ಜಾಗಕ್ಕೆ ಅತ್ತಿಗೆಯೇ ದಾರಿ ಹುಡುಕಿದರು. ಮೊದಲ ಪಂಕ್ತಿಗೆ ಇವರು ಬಡಿಸಲಿ, ಕೊನೆಗೆ ಬಡಿಸಿದ ಹೆಂಗಸರ ಜೊತೆ ಕೂರಲಿ. ಆಗ ಕಾಯುವವರು ಯಾರೂ ಇರುವುದಿಲ್ಲ, ಹರಟೆ ಹೊಡೆಯುತ್ತಾ ಒಂದು ಗಂಟೆ ಉಂಡರೂ ನಡೆಯುತ್ತದೆ. ಹೆಂಗಸರು ಕೊನೆಗೆ ಉಣ್ಣುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಆದರೆ ಇಲ್ಲಿ ಅದು ಅನುಕೂಲಕ್ಕೆ ಬಂತು, ಬೇಡ ಅನ್ನಲಿಲ್ಲ. ಒಂದೇ ಷರತ್ತು: ಕೊನೆಯ ಪಂಕ್ತಿ ಮೂರು ಗಂಟೆಗೆ ಅಂದರೆ, ಹನ್ನೆರಡಕ್ಕೆ ಏನಾದರೂ ಪ್ರೋಟೀನ್ ಹೊಟ್ಟೆಗೆ ಬಿದ್ದಿರಬೇಕು.

ಉಪವಾಸದ ಮಾತಿಗೆ ಅವರು ಸುಲಭಕ್ಕೆ ಒಪ್ಪಲಿಲ್ಲ. ದೇವರ ವಿಷಯದಲ್ಲಿ ನಾನು ಹೇಳುವುದು ಏನೂ ಇಲ್ಲ, ಅವರ ಅಮ್ಮನನ್ನೇ ಕೇಳಿ ಅಂದೆ. ಹಾಲು ಮೊಸರಿಗೆ ಅಡ್ಡಿಯಿಲ್ಲ, ನೀರಿಗಂತೂ ಇಲ್ಲವೇ ಇಲ್ಲ ಅಂದರಂತೆ ಅಮ್ಮ.

ಮಹಾಲಯ ಅಮಾವಾಸ್ಯೆ, ದೀಪಾವಳಿ

ಗೌರಿ ಹಬ್ಬವಾಗಿ ಸುಮಾರು ನಾಲ್ಕು ವಾರಕ್ಕೆ ಮಹಾಲಯ ಅಮಾವಾಸ್ಯೆ ಬಂತು. ಅವರ ಕಡೆ ಹಿರಿಯರಿಗೆ ಎಡೆ ಇಡುವಾಗ ಮಾಂಸದಡುಗೆ. ಪ್ರೋಟೀನ್ ದೃಷ್ಟಿಯಿಂದ ಇದು ಗೌರಿ ಹಬ್ಬಕ್ಕಿಂತ ಸಲೀಸು ಅಂತ ನಾನು ಅಂದುಕೊಂಡಿದ್ದೆ, ಬಹುಮಟ್ಟಿಗೆ ಹಾಗೇ ಆಯಿತು. ಬೆಳಗ್ಗೆ ಮೊಟ್ಟೆ, ಹನ್ನೆರಡಕ್ಕೆ ಮೊಸರು, ಮೂರಕ್ಕೆ ಊಟ. ಕೈಮ ಉಂಡೆ ಎರಡು, ನಿಧಾನವಾಗಿ. ಕೈಮ ಮೆತ್ತಗಿರುತ್ತದೆ, ಇಳಿಯುತ್ತದೆ. ಬಲಿತ ಕುರಿಯ ನಾರು ನಾರಾದ ತುಂಡು ಹಾಗಲ್ಲ, ಅದನ್ನು ಬಿಟ್ಟರು.

ಸಿಕ್ಕಿಕೊಂಡದ್ದು ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಅದ್ದಿ ನುಂಗುವುದೇ ಅದರ ಕ್ರಮ. ಮಂಡ್ಯದ ಕಡೆಯವರ ಗಂಟಲಿಗೆ ಇದನ್ನು ಮರೆಸುವುದು ನನ್ನ ಕೆಲಸದಲ್ಲೇ ಕಷ್ಟದ್ದು. ಸಾರಿನ ಬಟ್ಟಲು ಮುಂದೆ ಬಂದಾಗ ಕೈ ತಾನಾಗಿ ಒಂದು ತುತ್ತು ಮುರಿದು ನುಂಗಿಸಿತು. ಚೀಲದ ಬಾಯಿ ಕಿರಿದು. ಎದೆ ನಡುವೆ ಕಲ್ಲಿಟ್ಟಂಥ ನೋವು, ಬಾಯಿ ತುಂಬಾ ನೊರೆ ಜೊಲ್ಲು. ನೀರು ಕುಡಿದು ಇಳಿಸಲು ಹೋಗಬಾರದು ಅನ್ನುವುದು ಅವರಿಗೆ ನೆನಪಿತ್ತು. ನೀರು ಇಳಿಯುವುದಿಲ್ಲ, ಮೇಲೆ ನಿಂತು ನೋವು ಜಾಸ್ತಿ ಮಾಡುತ್ತದೆ. ಹಿತ್ತಲಿಗೆ ಹೋಗಿ ಓಡಾಡಿದರು, ಉಗುಳಿದರು, ಮುಕ್ಕಾಲು ಗಂಟೆಗೆ ಸರಿಹೋಯಿತು. ಹೋಗದೇ ಇದ್ದಿದ್ದರೆ ಎಂಡೋಸ್ಕೋಪಿ ಮಾಡಿ ತೆಗೆಯಬೇಕಾಗುತ್ತಿತ್ತು. ರಾಗಿ ಬೇಕಾದರೆ ಅಂಬಲಿ ಇದೆ. ಮುದ್ದೆಯನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದೆವು.

ದೀಪಾವಳಿಯಲ್ಲಿ ಯಾವ ಗಲಾಟೆಯೂ ಆಗಲಿಲ್ಲ. ಬೆವರಿಲ್ಲ, ಸಿಕ್ಕಿಕೊಂಡದ್ದಿಲ್ಲ. ಆದರೆ ತೂಕ ನಿಂತಿತು. 79 ಕಿಲೋದಲ್ಲಿ ಒಂದು ತಿಂಗಳ ಮೇಲಾದರೂ ಅಲುಗಲಿಲ್ಲ. ತಿಂದದ್ದನ್ನು ಬರೆದಿಡುವ ಪುಸ್ತಕದಲ್ಲಿ ಊಟವೆಲ್ಲ ಸರಿಯಾಗಿತ್ತು. ನಡುನಡುವೆ ಇದ್ದದ್ದು "ಚಕ್ಕುಲಿ ಅರ್ಧ", "ನಿಪ್ಪಟ್ಟು 1", "ಕೋಡುಬಳೆ 2". ಅಡುಗೆಮನೆಗೆ ಹೋದಾಗಲೆಲ್ಲ ಡಬ್ಬದ ಮುಚ್ಚಳ ತೆರೆದಿತ್ತು.

ನನಗೆ ಪಾಯಸಕ್ಕಿಂತ ಈ ಡಬ್ಬದ ಭಯ ಜಾಸ್ತಿ. ಪಾಯಸ ತಿಂದರೆ ದೇಹ ತಕ್ಷಣ ಬಯ್ಯುತ್ತದೆ. ಚಕ್ಕುಲಿಯಲ್ಲಿ ಸಕ್ಕರೆ ಇಲ್ಲ, ಡಂಪಿಂಗ್ ಆಗುವುದಿಲ್ಲ. ಬಾಯಲ್ಲಿ ಪುಡಿಯಾಗಿ ಸರಾಗವಾಗಿ ಇಳಿಯುತ್ತದೆ, ಚೀಲ ತುಂಬಿದ ಹಾಗೂ ಅನ್ನಿಸುವುದಿಲ್ಲ. ಎಣ್ಣೆ, ಅಕ್ಕಿಹಿಟ್ಟು ಮಾತ್ರ ಲೆಕ್ಕಕ್ಕೆ ಸೇರುತ್ತಲೇ ಇರುತ್ತದೆ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಹಸಿವು ಹುಟ್ಟಿಸುವ ಹಾರ್ಮೋನು ತಗ್ಗಿರುತ್ತದೆ. ವರ್ಷದ ಹತ್ತಿರ ಬರುತ್ತಾ ಹಸಿವು ಮತ್ತೆ ತಲೆ ಎತ್ತುತ್ತದೆ. ಅವರ ದೀಪಾವಳಿ ಬಂದದ್ದು ಸರಿಯಾಗಿ ಅದೇ ಹೊತ್ತಿಗೆ. ಡಬ್ಬವನ್ನು ಅತ್ತೆಯವರ ಕೋಣೆಗೆ ಸಾಗಿಸಿದರು. ಅತ್ತೆಗೂ ಖುಷಿಯಾಯಿತಂತೆ. ಸಂಜೆ ನಾಲ್ಕಕ್ಕೆ ಒಂದು ಹಿಡಿ ಹುರಿಗಡಲೆ, ಅದೂ ಕೂತು, ತಟ್ಟೆಗೆ ಹಾಕಿಕೊಂಡು. ನಿಂತು ತಿಂದದ್ದು ಯಾರಿಗೂ ನೆನಪಿರುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಹಬ್ಬದ ಇನ್ನೊಂದು ಗುರುತು ಸಿಕ್ಕಿತು. ಹಿಮೋಗ್ಲೋಬಿನ್ 10.6, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಫೆರಿಟಿನ್ 14, ಎರಡೂ ಕಡಿಮೆ. ಬೈಪಾಸ್‌ನಲ್ಲಿ ಕಬ್ಬಿಣ ಹೀರಿಕೊಳ್ಳುವ ಕರುಳಿನ ಭಾಗವೇ ದಾರಿ ತಪ್ಪಿರುತ್ತದೆ. ಮಾತ್ರೆ ಇಲ್ಲದೆ ಆಗುವುದಿಲ್ಲ. ಮುಟ್ಟು ನಿಲ್ಲದ ಹೆಂಗಸರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕು. ಊರಿಗೆ ಹೋದ ದಿನಗಳಲ್ಲಿ ಇವರು ಮಾತ್ರೆಯನ್ನೇ ಬಿಟ್ಟಿದ್ದರು, ಬೇರೆ ದಿನ ಕಬ್ಬಿಣ ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ಕಾಫಿಯ ಹಿಂದೆ ನುಂಗುತ್ತಿದ್ದರು. ಒಂದನ್ನೊಂದು ತಡೆಯುತ್ತವೆ, ಕಾಫಿಯೂ ತಡೆಯುತ್ತದೆ. ಈಗ ಕಬ್ಬಿಣ ಮಲಗುವಾಗ, ಕ್ಯಾಲ್ಸಿಯಂ ಸಿಟ್ರೇಟ್ ಹಗಲಿನಲ್ಲಿ ಭಾಗ ಮಾಡಿ, ಎರಡರ ನಡುವೆ ಕನಿಷ್ಠ ಎರಡು ಗಂಟೆ. ಬಿ12 ಸರಿಯಾಗಿತ್ತು.

ಒಂದು ವರ್ಷಕ್ಕೆ

ಸಂಕ್ರಾಂತಿಯ ವಾರ ಬಂದಾಗ ತೂಕ 76 ಕಿಲೋ, ಬಿಎಂಐ 31. ಮೊದಲಿನ ತೂಕದಲ್ಲಿ ಶೇಕಡಾ 32 ಇಳಿದಿದೆ. ಬೈಪಾಸ್‌ನಿಂದ ನಿರೀಕ್ಷಿಸುವ ಮಟ್ಟ ಅದೇ. ಎಚ್‌ಬಿಎ1ಸಿ 5.9. ಮೆಟ್‌ಫಾರ್ಮಿನ್ ಅರ್ಧ ಡೋಸ್ ಮುಂದುವರಿದಿದೆ. ಎದೆಯುರಿ ಇಲ್ಲ. ಗೌರಿ ಹಬ್ಬದ ಆಮೇಲೆ ಸಕ್ಕರೆ 70ರ ಕೆಳಗೆ ಇಳಿದದ್ದು ಒಂದೇ ಸಲ, ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕ್ ತಿಂದಾಗ. ಹ್ಯಾಂಡ್‌ಬ್ಯಾಗಿನಲ್ಲಿ ಮೀಟರ್ ಇತ್ತು, ತಾವೇ ನೋಡಿಕೊಂಡು ಸರಿಮಾಡಿಕೊಂಡರು.

ಎಳ್ಳು ಬೆಲ್ಲ ಬೀರಲು ಬಂದವರಿಂದ ಪೊಟ್ಟಣ ಈಸಿಕೊಂಡು, ಹುರಿಗಡಲೆ ಕಡಲೆಕಾಯಿ ಬೀಜ ಆರಿಸಿ ತಿಂದು, ಬೆಲ್ಲದ ಚೂರನ್ನು ಮಗನಿಗೆ ಕೊಟ್ಟರಂತೆ. ಪಂಕ್ತಿಯಲ್ಲಿ ಎಲ್ಲರ ಜೊತೆ ಕೂರಲು ಆಗುತ್ತಿಲ್ಲ ಅನ್ನುವ ಬೇಸರ ಮಾತ್ರ ಹೋಗಿಲ್ಲ. ಅಣ್ಣನ ಮಗಳ ಮದುವೆ ಮೇ ತಿಂಗಳಿನಲ್ಲಿದೆ. ಅಲ್ಲಿ ಬಡಿಸುವವರು ಕಾಂಟ್ರ್ಯಾಕ್ಟ್‌ನವರು, ಅತ್ತಿಗೆಯಲ್ಲ. ಫೆರಿಟಿನ್ ಅನ್ನು ಏಪ್ರಿಲ್‌ನಲ್ಲಿ ಮತ್ತೆ ನೋಡಬೇಕು. ಅದೇ ದಿನ ಮದುವೆ ಊಟದ ಮೆನು ತರುತ್ತೇನೆ ಅಂದಿದ್ದಾರೆ.